ಈರುಳ್ಳಿ ಹೆಚ್ಚುವವನಿಗೂ ಒಂದು ಜಾಗ

ನಾನು ಕುಶಾಲನಗರದವನು. ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಮೈಸೂರು ಜಿಲ್ಲೆ. ಈಗ ಇರುವುದು ಆಸ್ಟ್ರೇಲಿಯಾದ ವೊಡೊಂಗದಲ್ಲಿ. ಇಲ್ಲೂ ಅದೇ ಕಥೆ. ಮರ್ರೆ ಹೊಳೆಯ ಈಚೆ ವಿಕ್ಟೋರಿಯಾ, ಆಚೆ ದಡದ ಆಲ್ಬರಿ ಮಾತ್ರ ನ್ಯೂ ಸೌತ್ ವೇಲ್ಸ್. ರಾಜ್ಯ ಎರಡಾದರೂ ಫುಟ್‌ಬಾಲ್ ಲೀಗ್ ಒಂದೇ: ಓವನ್ಸ್ ಅಂಡ್ ಮರ್ರೆ. ಶುರುವಾಗಿದ್ದು 1893ರಲ್ಲಿ, ಈಗ 10 ಕ್ಲಬ್. ಅದರಲ್ಲಿ ಮಿರ್ಟಲ್‌ಫರ್ಡ್ ಹಿಂದೆ ನಮ್ಮ ಪಿರಿಯಾಪಟ್ಟಣದ ಹಾಗೆ ಹೊಗೆಸೊಪ್ಪಿನ ಊರು. ಅದನ್ನು ಕೇಳಿದಾಗಲೇ ನನಗೆ ಆ ತಂಡದ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು.

ಫುಟ್‌ಬಾಲ್ ಅಂದರೆ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನ, ಒಂದೊಂದು ಕಡೆ 18 ಜನ. ಚೆಂಡು ಹಿಡಿದು ಓಡಬಹುದು, ಎಸೆಯುವ ಹಾಗಿಲ್ಲ, ಒದೆಯಬೇಕು ಇಲ್ಲವೇ ಮುಷ್ಟಿಯಿಂದ ಗುದ್ದಬೇಕು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟ್. ಸ್ವಲ್ಪ ತಪ್ಪಿ ಪಕ್ಕದ ಕಂಬದ ಒಳಗೆ ಹೋದರೂ 1. ತಪ್ಪಿದ್ದಕ್ಕೂ ಪಾಯಿಂಟ್ ಕೊಡುವ ಧಾರಾಳತನ ನನಗೆ ಹಿಡಿಸಿತು.

ಮೊದಲ ಶನಿವಾರ ಮ್ಯಾಚ್ ನೋಡೋಕೆ ಹೋದಾಗ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಬೇಲಿಯ ಸುತ್ತ ಕಾರು ನಿಲ್ಲಿಸಿಕೊಂಡು ಒಳಗೇ ಕೂತಿದ್ದರು ಜನ. ಗೋಲ್ ಬಿದ್ದರೆ ಚಪ್ಪಾಳೆ ಇಲ್ಲ, ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆಯುತ್ತಾರೆ. ಪಕ್ಕದ ಅಂಗಳದಲ್ಲಿ ಅದೇ ಕ್ಲಬ್ಬಿನ ಹೆಣ್ಣುಮಕ್ಕಳ ನೆಟ್‌ಬಾಲ್, ಬಾಸ್ಕೆಟ್‌ಬಾಲ್ ಥರದ ಆಟ. ಬಿಡುವು ಸಿಕ್ಕಿತೋ, ಜನ ಮೈದಾನದ ಒಳಗೇ ನುಗ್ಗಿದರು. ಮಕ್ಕಳು ಚೆಂಡು ಒದೆಯುತ್ತಿದ್ದರು, ದೊಡ್ಡವರು ಕೋಚ್ ಆಟಗಾರರಿಗೆ ಬೈಯುವುದನ್ನು ಹತ್ತಿರ ನಿಂತು ಕೇಳುತ್ತಿದ್ದರು. ನಾನೂ ಹೋಗಿ ಕೇಳಿದೆ. ಯಾರೂ ನೀನ್ಯಾರು ಅನ್ನಲಿಲ್ಲ.

ಎರಡನೇ ಶನಿವಾರ ಕ್ಯಾಂಟೀನ್ ಅಜ್ಜಿ ಕೇಳಿದರು, "ಸುಮ್ನೆ ನಿಂತಿದ್ದೀಯಲ್ಲ, ಈರುಳ್ಳಿ ಹೆಚ್ಚೋಕೆ ಬರುತ್ತಾ?" ಏಪ್ರನ್ ಕೊಟ್ಟೇಬಿಟ್ಟರು. ಎರಡು ಮೂಟೆ ಈರುಳ್ಳಿ ಹೆಚ್ಚಿದೆ, ಕಣ್ಣಲ್ಲಿ ಕಾವೇರಿ. ಮನೆಗೆ ಫೋನ್ ಮಾಡಿ ಹೇಳಿದರೆ ಅಮ್ಮ, "ಎಷ್ಟು ಕೊಡ್ತಾರೆ?" ಅಂದಳು. ಒಂದು ಬರ್ಗರ್ ಅಂದೆ. ಫೋನ್ ಇಟ್ಟಳು.

ಆ ಹೊತ್ತಿನಲ್ಲಿ ನನಗೆ ನೆನಪಾಗಿದ್ದು ನಮ್ಮ ಕೊಡಗಿನ ಕೊಡವ ಹಾಕಿ ಪಂದ್ಯಾವಳಿ. ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ತಂಡ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಗಿದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡಬಹುದು. ಬೆಂಗಳೂರಿನಿಂದ, ದುಬೈಯಿಂದ ರಜೆ ಹಾಕಿ ಬರುತ್ತಾರೆ. ಅಲ್ಲಿ ಆಟಗಾರನನ್ನು ಕೊಳ್ಳುವ ಮಾತೇ ಇಲ್ಲ, ಮನೆಹೆಸರು ಕೊಳ್ಳೋಕೆ ಆಗುತ್ತಾ? ಆದರೆ ನಾನು ಕೊಡವನಲ್ಲ. ಎಷ್ಟು ವರ್ಷ ನೋಡಿದರೂ ನಾನು ಗ್ಯಾಲರಿಯವನೇ. ಇದು ದೂರಲ್ಲ, ಅದು ಅವರ ಮನೆಹಬ್ಬ. ಬೇರೆಯವರ ಮದುವೆಯಲ್ಲಿ ಊಟ ಮಾಡಬಹುದು, ಧಾರೆ ಎರೆಯೋಕೆ ಆಗಲ್ಲ.

ಇಲ್ಲಿ ಬಾಗಿಲು ತೆರೆದಿದೆ. ತೆರೆದ ಬಾಗಿಲಿನಿಂದಲೇ ದುಡ್ಡೂ ಒಳಗೆ ಬಂದಿದೆ, ಅದೇ ನನ್ನ ತಕರಾರು.

ಆಟಗಾರರಿಗೆ ಇಲ್ಲಿ ದುಡ್ಡು ಕೊಡುತ್ತಾರೆ. ಅದಕ್ಕೊಂದು ಮಿತಿ ಇದೆ. ಗೋಲಿಗಿರುವ ಹಾಗೆ ಆಟಗಾರರಿಗೂ ಬೇರೆ ಪಾಯಿಂಟ್ ಲೆಕ್ಕ ಇದೆ: ಊರಲ್ಲೇ ಬೆಳೆದ ಹುಡುಗನಿಗೆ 1 ಪಾಯಿಂಟ್, ಹೊರಗಿನ ದೊಡ್ಡ ಆಟಗಾರನಿಗೆ ಜಾಸ್ತಿ, ತಂಡದ ಒಟ್ಟು ಲೆಕ್ಕ ಮೀರಬಾರದು ಅಂತ ಇನ್ನೊಂದು ನಿಯಮ. ಆದರೂ 2022ರಲ್ಲಿ ಕಪ್ ಗೆದ್ದ ವಾಂಗರಟ್ಟ ತಂಡ ಸಂಬಳದ ಮಿತಿ ದಾಟಿದ್ದು ಹೊರಬಿದ್ದು, ಕಪ್ ವಾಪಸ್ ಹೋಯಿತು. 2023ರಲ್ಲಿ ಕೊರೋವ-ರದರ್‌ಗ್ಲೆನ್ ಕ್ಲಬ್ಬಿಗೆ ತಂಡ ಕಟ್ಟೋಕೆ ಜನವೇ ಸಿಗದೆ ಆ ವರ್ಷ ಆಡಲೇ ಇಲ್ಲ. ಒಂದು ಕಡೆ ಕೊಬ್ಬು, ಇನ್ನೊಂದು ಕಡೆ ಉಪವಾಸ. ಪುಣ್ಯಕ್ಕೆ ಕೊರೋವದವರು ಮರುವರ್ಷ ಮತ್ತೆ ಬಂದರು.

ದುಡ್ಡು ಹೊಸದಲ್ಲ ಅನ್ನುವವರು ಬಾಬ್ ರೋಸ್ ಹೆಸರು ಹೇಳುತ್ತಾರೆ. ನಿಜ. ಮೆಲ್ಬರ್ನಿನ ಕಾಲಿಂಗ್‌ವುಡ್ ತಂಡದ ದೊಡ್ಡ ಆಟಗಾರ, 1956ರಲ್ಲಿ ವಾಂಗರಟ್ಟ ಊರಿನ ಇನ್ನೊಂದು ಕ್ಲಬ್ ವಾಂಗರಟ್ಟ ರೋವರ್ಸ್‌ಗೆ ಕೋಚ್ ಆಗಿ ಬಂದರು, 1958ರಲ್ಲೂ 1960ರಲ್ಲೂ ಕಪ್ ಗೆಲ್ಲಿಸಿದರು. ಆದರೆ ಅವರು ಹೆಂಡತಿ ಮಕ್ಕಳ ಜೊತೆ ಆ ಊರಲ್ಲೇ ಸಂಸಾರ ಹೂಡಿದ್ದರು. ಈಗಿನವರಲ್ಲಿ ಕೆಲವರು ಶನಿವಾರ ಬೆಳಿಗ್ಗೆ ಮೆಲ್ಬರ್ನಿನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬರುತ್ತಾರೆ. ಆಡುತ್ತಾರೆ, ಸ್ನಾನ ಮಾಡುತ್ತಾರೆ, ಹೋಗುತ್ತಾರೆ. ಅವರಿಗೆ ಅಜ್ಜಿಯ ಹೆಸರು ಗೊತ್ತಿಲ್ಲ. ಕೊಡವ ಹುಡುಗನೂ ದೂರದಿಂದಲೇ ಬರುತ್ತಾನೆ, ಆದರೆ ಅವನು ಬರುವುದು ಮನೆಗೆ.

ದುಡ್ಡು ತೆಗೆದುಕೊಳ್ಳುವವನು ಸೀಸನ್ ಮುಗಿಯುವ ತನಕ ಈ ಊರುಗಳಲ್ಲೇ ಎಲ್ಲಾದರೂ ಮನೆ ಮಾಡಿರಬೇಕು ಅಂತ ನಿಯಮ ತರಬೇಕು ಅನ್ನೋದು ನನ್ನ ವಾದ. ಹೋದ ವಾರ ಈರುಳ್ಳಿ ಹೆಚ್ಚುತ್ತಾ ಇದನ್ನೇ ಹೇಳಿದೆ. ಅಜ್ಜಿ ಸಾಸ್ ಬಾಟಲಿ ಒರೆಸುತ್ತಾ, "ಬಾಡಿಗೆ ಮನೆ ನೀನು ಹುಡುಕಿ ಕೊಡ್ತೀಯಾ?" ಅಂದರು.