ಸತ್ಯಾಂಶ: ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆ ಒಂದೇ ದಿನದ ಕೆಲಸವಲ್ಲ

‘ಒಂದೇ ಆಪರೇಷನ್‌ನಲ್ಲಿ ಲಿಂಗ ಬದಲಾಗುತ್ತದೆ, ಅದನ್ನು ಮಾಡಿಸಿಕೊಳ್ಳದವರು ನಿಜವಾದ ಟ್ರಾನ್ಸ್‌ಜೆಂಡರ್ ಅಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡೂ ಮಾತುಗಳು ತಪ್ಪು.

ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆ ಎಂಬುದು ಎದೆ, ಮುಖ, ಧ್ವನಿ, ಗರ್ಭಕೋಶ, ಜನನಾಂಗಗಳಿಗೆ ಸಂಬಂಧಿಸಿದ ಹಲವು ಬೇರೆಬೇರೆ ಚಿಕಿತ್ಸೆಗಳಿಗಿರುವ ಒಟ್ಟು ಹೆಸರು. ಯಾರಿಗೆ ಯಾವುದು ಬೇಕು ಎಂಬುದು ಅವರವರ ಅಗತ್ಯಕ್ಕೆ ಬಿಟ್ಟದ್ದು. ಒಂದನ್ನೂ ಬಯಸದವರೂ ಇದ್ದಾರೆ, ಅದರಿಂದ ಅವರ ಗುರುತು ಕಡಿಮೆಯಾಗುವುದಿಲ್ಲ.

ಸಿದ್ಧತೆಯೇ ದೀರ್ಘವಾದದ್ದು. ಯೋನಿ ರಚನೆಗೆ ಬಳಸುವ ಚರ್ಮದಲ್ಲಿನ ಕೂದಲನ್ನು ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್‌ನಿಂದ ಮೊದಲೇ ತೆಗೆಸಬೇಕಾಗಬಹುದು. ಕೂದಲು ಸರದಿಯಂತೆ ಬೆಳೆಯುವುದರಿಂದ ಇದಕ್ಕೇ ಹಲವು ತಿಂಗಳು ಹಿಡಿಯುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುವುದರಿಂದ ಧೂಮಪಾನವನ್ನು ವಾರಗಳ ಮುಂಚೆಯೇ ನಿಲ್ಲಿಸಬೇಕು. ವೃಷಣ ಅಥವಾ ಅಂಡಾಶಯ ತೆಗೆದ ಮೇಲೆ ಅವುಗಳಿಂದ ವೀರ್ಯಾಣು, ಅಂಡಾಣು ಸಿಗುವುದಿಲ್ಲವಾದ್ದರಿಂದ, ಅವನ್ನು ಶೈತ್ಯೀಕರಿಸಿ ಇಡುವ ಬಗ್ಗೆ ಮುಂಚಿತವಾಗಿಯೇ ಮಾತನಾಡಬೇಕು (ಈ ಮಾತು ಎಷ್ಟೋ ಸಲ ತಡವಾಗಿ ಬರುತ್ತದೆ).

ಹಾರ್ಮೋನ್ ಚಿಕಿತ್ಸೆ ಎಲ್ಲಕ್ಕೂ ಕಡ್ಡಾಯವೆಂಬ ಮಾತೂ ಸರಿಯಲ್ಲ. ಉದಾಹರಣೆಗೆ, ಎದೆಯನ್ನು ಸಮತಟ್ಟಾಗಿಸುವ ಶಸ್ತ್ರಚಿಕಿತ್ಸೆಗೆ ಟ್ರಾನ್ಸ್‌ಜೆಂಡರ್ ಆರೋಗ್ಯ ಕ್ಷೇತ್ರದ ವೃತ್ತಿಪರರ ಅಂತರರಾಷ್ಟ್ರೀಯ ಸಂಘವಾದ ಡಬ್ಲ್ಯೂಪಾಥ್‌ನ 2022ರ ಮಾರ್ಗಸೂಚಿ ಅದನ್ನು ಷರತ್ತಾಗಿ ಇಟ್ಟಿಲ್ಲ.

ಶಿಶ್ನ ರಚನೆ ಸಾಮಾನ್ಯವಾಗಿ ಹಲವು ಹಂತಗಳಲ್ಲಿ ನಡೆಯುತ್ತದೆ. ಆಳವುಳ್ಳ ಯೋನಿ ರಚನೆ ಮಾಡಿಸಿಕೊಂಡವರು ಮೊದಲ ತಿಂಗಳುಗಳಲ್ಲಿ ಪ್ರತಿದಿನವೂ, ಬಳಿಕ ಕ್ರಮೇಣ ಕಡಿಮೆ ಮಾಡುತ್ತ, ಡೈಲೇಟರ್ (ಯೋನಿಮಾರ್ಗದ ಅಗಲ, ಆಳ ಉಳಿಸಿಕೊಳ್ಳಲು ಒಳಗಿಡುವ ದಂಡಾಕಾರದ ಸಾಧನ) ಬಳಸಬೇಕಾಗುತ್ತದೆ. ಬಿಟ್ಟರೆ ಆ ಮಾರ್ಗ ಕಿರಿದಾಗುತ್ತದೆ.