ದನಿ ಎರವಲು ತರಬಹುದು, ಹೆಜ್ಜೆ ತರೋಕಾಗಲ್ಲ

ಹಾಲಿವುಡ್‌ನ ಹಳೇ ಮ್ಯೂಸಿಕಲ್ ಅಂದರೆ ಇಲ್ಲಿ ಅಮೆರಿಕದಲ್ಲಿ ಜನ ಮೊದಲು ಹೇಳುವ ಹೆಸರುಗಳಲ್ಲಿ ‘ಸಿಂಗಿನ್ ಇನ್ ದಿ ರೇನ್’ ಇದ್ದೇ ಇರುತ್ತದೆ. 1952ರಲ್ಲಿ ಎಂಜಿಎಂ ಸ್ಟುಡಿಯೋ ತೆಗೆದ ಚಿತ್ರ. ನನಗೂ ಅದು ತುಂಬ ಇಷ್ಟ. ಆದರೆ ರಾಜ್‌ಕುಮಾರ್ ಸಿನಿಮಾ ನೋಡುತ್ತಾ ಬೆಳೆದವನಿಗೆ ಅದರ ಕಥೆಯ ನ್ಯಾಯ ಪೂರ್ತಿ ಒಪ್ಪುವುದು ಕಷ್ಟ.

ಕಥೆ ನಡೆಯುವುದು 1927ರಲ್ಲಿ. ಮೂಕಿ ಹೋಗಿ ಟಾಕಿ ಬರುತ್ತಿದೆ. ಲೀನಾ ಲಮಾಂಟ್ ದೊಡ್ಡ ತಾರೆ. ನೋಡಲು ಚೆಂದ, ಬಾಯಿ ಬಿಟ್ಟರೆ ಕೀರಲು ದನಿ. ಕ್ಯಾತಿ ಎಂಬ ಹೊಸ ಹುಡುಗಿ ಮರೆಯಲ್ಲಿ ನಿಂತು ಅವಳಿಗೆ ದನಿ ಕೊಡುತ್ತಾಳೆ. ಕೊನೆಗೆ ಲೀನಾ ವೇದಿಕೆಯಲ್ಲಿ ಬಾಯಿ ಆಡಿಸುತ್ತಿರುವಾಗಲೇ ಪರದೆ ಎಳೆದು ಗುಟ್ಟು ಬಯಲು ಮಾಡುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ಕ್ಯಾತಿಯ ಹೆಸರು ಮುಚ್ಚಿಟ್ಟು ದುಡಿಸಿಕೊಂಡದ್ದು ತಪ್ಪು, ಸರಿ. ಆದರೆ ಆ ನಗು ಅದಕ್ಕಲ್ಲ, ಎರವಲು ದನಿಗೆ.

ತಮಾಷೆ ಏನು ಗೊತ್ತಾ? ಕ್ಯಾತಿಯಾಗಿ ನಟಿಸಿದ ಡೆಬ್ಬಿ ರೆನಾಲ್ಡ್ಸ್‌ಗೇ ಕೆಲವು ಹಾಡುಗಳಲ್ಲಿ ಬೆಟ್ಟಿ ನೋಯ್ಸ್ ದನಿ ಕೊಟ್ಟಿದ್ದಾರೆ. ಕ್ಯಾತಿ ಲೀನಾಳ ಮಾತನ್ನು ಡಬ್ ಮಾಡುವ ದೃಶ್ಯದಲ್ಲಿ ಕೇಳುವ ನಯವಾದ ದನಿಯಂತೂ ಲೀನಾ ಪಾತ್ರ ಮಾಡಿದ ಜೀನ್ ಹೇಗನ್‌ದೇ! ಡಬ್ಬಿಂಗನ್ನು ಗೇಲಿ ಮಾಡುವ ಚಿತ್ರದೊಳಗೇ ಇಷ್ಟು ಡಬ್ಬಿಂಗು. ಟೈಟಲ್ ಕಾರ್ಡಿನಲ್ಲಿ ನೋಯ್ಸ್ ಹೆಸರೇ ಇಲ್ಲ.

ರಾಜ್‌ಕುಮಾರ್ ಅವರ ಎಷ್ಟೋ ಹಳೇ ಹಾಡು ಹಾಡಿದ್ದು ಪಿ.ಬಿ. ಶ್ರೀನಿವಾಸ್ ಅಂತ ಪಕ್ಕದ ಮನೆಯ ಹಿರಿಯ ಹೆಂಗಸಿಗೆ ಹೇಳಿದ್ದೆ. ‘ಜನಕ್ಕೆ ಗೊತ್ತಾಗಲಿಲ್ವಾ?’ ಎಂದರು. ಗೊತ್ತಾಗುವುದೇನು, ಹಾಡಿಗೆ ಮೊದಲು ಆಕಾಶವಾಣಿಯವರೇ ಹೆಸರು ಹೇಳುತ್ತಿದ್ದರಲ್ಲ! ‘ಭಕ್ತ ಕನಕದಾಸ’ದ ‘ಬಾಗಿಲನು ತೆರೆದು’ ಕೇಳುವಾಗ ನಮಗೆ ಮುಖ ರಾಜ್‌ದು, ದನಿ ಪಿಬಿಎಸ್‌ದು. ಇಬ್ಬರಿಗೂ ಕೈ ಮುಗಿಯುತ್ತೇವೆ. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್ ತಾವೇ ಹಾಡತೊಡಗಿದರು. ಹಾಗಂತ ಹಿಂದಿನದು ಮೋಸ ಅಂತ ಯಾರಿಗಾದರೂ ಅನಿಸಿತಾ?

ನಮ್ಮ ದೇಶದಲ್ಲೂ ಮೊದಲಿನಿಂದ ಹೀಗಿರಲಿಲ್ಲ ಬಿಡಿ. 1949ರ ಹಿಂದಿ ಚಿತ್ರ ‘ಮಹಲ್’ನ ಹಾಡಿನ ಗ್ರಾಮಫೋನ್ ತಟ್ಟೆಯ ಮೇಲೆ ಲತಾ ಹೆಸರಿನ ಬದಲು ಪಾತ್ರದ ಹೆಸರು, ‘ಕಾಮಿನಿ’ ಅಂತ ಇತ್ತು. ಆದರೆ ಇಲ್ಲಿ ಅಮೆರಿಕದಲ್ಲಿ ಆ ಗುಟ್ಟು ಜಾಸ್ತಿ ದಿನ ನಡೆಯಿತು. 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರಿ ಹೆಪ್‌ಬರ್ನ್ ಹಾಡುಗಳಲ್ಲಿ ಹೆಚ್ಚಿನವನ್ನು ಹಾಡಿದ್ದು ಮಾರ್ನಿ ನಿಕ್ಸನ್. ಅವರ ಹೆಸರು ತೆರೆಯ ಮೇಲೆ ಬರಲಿಲ್ಲ. ಚಿತ್ರಕ್ಕೆ 8 ಆಸ್ಕರ್ ಬಂತು, ಆಡ್ರಿಗೆ ನಾಮನಿರ್ದೇಶನವೂ ಸಿಗಲಿಲ್ಲ. ಸ್ವಂತ ದನಿಯಲ್ಲ ಎಂಬುದೇ ಕಾರಣ ಅನ್ನುವವರು ಈಗಲೂ ಇದ್ದಾರೆ. ಹಾಡಿದವಳಿಗೆ ಹೆಸರಿಲ್ಲ, ನಟಿಸಿದವಳಿಗೆ ಮರ್ಯಾದೆ ಇಲ್ಲ. ಇದ್ಯಾವ ನ್ಯಾಯ?

ಆದರೆ ಕುಣಿತದ ವಿಷಯಕ್ಕೆ ಬಂದರೆ ನಾನು ಹಾಲಿವುಡ್‌ನವರ ಕಡೆ. ನಮ್ಮ ಹಾಡುಗಳಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕ್ಯಾಮೆರಾ ಮುಖಕ್ಕೋ ಹೂವಿಗೋ ಓಡುತ್ತದೆ. ‘ಸಿಂಗಿನ್ ಇನ್ ದಿ ರೇನ್’ನ ನಾಯಕ ಜೀನ್ ಕೆಲ್ಲಿ ಮಳೆಯಲ್ಲಿ ಕುಣಿಯುವಾಗ ತಲೆಯಿಂದ ಪಾದದವರೆಗೆ ಕಾಣುತ್ತಾನೆ. ಕೊಡೆ ಮಡಚುತ್ತಾನೆ, ದೀಪದ ಕಂಬ ಹತ್ತುತ್ತಾನೆ, ಸೋರುವ ಕೊಳವೆಯ ಕೆಳಗೆ ಮುಖ ಒಡ್ಡುತ್ತಾನೆ, ಪೊಲೀಸಿನವನು ಬಂದು ನಿಲ್ಲುವವರೆಗೆ ಹುಡುಗರ ಹಾಗೆ ನೀರು ಎರಚುತ್ತಾನೆ. ಆಗ ಅವನಿಗೆ 103 ಡಿಗ್ರಿ ಜ್ವರ. ಬೂಟಿನ ಟಕಟಕ ಎನ್ನುವ ಟ್ಯಾಪ್ ಸದ್ದನ್ನು ಆಮೇಲೆ ಸೇರಿಸುತ್ತಿದ್ದರು, ಆದರೆ ಹೆಜ್ಜೆಯನ್ನು ಸೇರಿಸೋಕಾಗಲ್ಲವಲ್ಲ.

ಡೆಬ್ಬಿಗೆ ಆಗ ಇನ್ನೂ 19 ತುಂಬಿತ್ತಷ್ಟೆ. ಜಿಮ್ನಾಸ್ಟಿಕ್ಸ್ ಗೊತ್ತಿತ್ತು, ನೃತ್ಯ ಕಲಿತವಳಲ್ಲ. ‘ಗುಡ್ ಮಾರ್ನಿಂಗ್’ ಹಾಡಿಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಕುಣಿದು ಪಾದದಲ್ಲಿ ರಕ್ತ ಬಂದಿತ್ತಂತೆ. ನೋಡುವವರು ಜತೆಗೆ ಕುಣಿಯುವ ಕೆಲ್ಲಿ, ಡೊನಾಲ್ಡ್ ಓ’ಕಾನರ್ ಇಬ್ಬರನ್ನೂ ಬಿಟ್ಟು ಒಂದು ಸಲ ಬರೀ ಅವಳ ಕಾಲನ್ನು ನೋಡಿ. ಎಲ್ಲೂ ಹಿಂದೆ ಬೀಳಲ್ಲ.