ನಿಯೋಜನೆ ಮೇಲೆ ತೆರಳಿದ ಚುಕ್ಕಿಗಳು

ಸರ್ಕಾರಿ ಕಚೇರಿಗೆ ಅಲೆದವರಿಗೆಲ್ಲ ಈ ಮಾತು ಬಾಯಿಪಾಠ: ‘ಅವರದ್ದು ಇದೇ ಸೀಟು, ಆದರೆ ನಿಯೋಜನೆ ಮೇಲೆ ಬೇರೆ ಕಡೆ ಹೋಗಿದ್ದಾರೆ.’ ಸಂಬಳ ಇಲ್ಲಿ, ಕೆಲಸ ಅಲ್ಲಿ. ಕನ್ನಡದ ಲೇಖನ ಚಿಹ್ನೆಗಳ ಕಥೆಯೂ ಈಗ ಇಷ್ಟೇ. ವಾಕ್ಯದ ಕುರ್ಚಿ ಖಾಲಿ ಬಿದ್ದಿದೆ. ಚುಕ್ಕಿ, ಕೊಕ್ಕೆ, ಗೆರೆಗಳೆಲ್ಲ ಪರ ಇಲಾಖೆಯಲ್ಲಿ ಬೆವರು ಸುರಿಸುತ್ತಿವೆ.

ಶಿವಮೊಗ್ಗದ ಯಾವ ಸರ್ಕಲ್ಲಿನಲ್ಲಾದರೂ ನಿಂತು ಶ್ರದ್ಧಾಂಜಲಿ ಫ್ಲೆಕ್ಸಿನ ಕೊನೆಯ ಸಾಲು ಓದಿ. ‘ದು:ಖತಪ್ತ ಕುಟುಂಬ ವರ್ಗ’ ಅಂತಿರುತ್ತದೆ. ‘ದು’ ಆದಮೇಲೆ ಇರುವುದು ವಿಸರ್ಗವಲ್ಲ ಮಾರಾಯ್ರೆ, ಕೋಲನ್. ಪಟ್ಟಿ ಕೊಡುವ ಮೊದಲು, ವಿವರಣೆಗೆ ಮೊದಲು ನಿಲ್ಲಬೇಕಾದ ಎರಡು ಚುಕ್ಕಿಯನ್ನು ಹಿಡಿದು ತಂದು ಅಕ್ಷರದ ಕೆಲಸಕ್ಕೆ ಹಚ್ಚಿದ್ದಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ. ಕಡತದಲ್ಲಿ ‘ದುಃಖ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಊರಿಡೀ ಸುಖವಾಗಿದೆ ಅನ್ನುತ್ತದೆ ಅದು. ಕನ್ನಡದ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಎಚ್ ಒತ್ತಿದರೆ ಅಸಲಿ ವಿಸರ್ಗ ಬರುತ್ತದೆ. ಒಂದು ಬೆರಳಿನ ಕೆಲಸ. ಅನುಸ್ವಾರಕ್ಕೂ ಇದೇ ಗತಿ: ಶಿಫ್ಟ್ ಹಿಡಿದು ಎಂ ಒತ್ತುವ ಬದಲು ಕನ್ನಡ ಅಂಕಿಯ ಸೊನ್ನೆ ಕೂರಿಸಿ ‘ಸ೦ಘ’ ಕಟ್ಟುತ್ತಾರೆ. ಹುಟ್ಟುವಾಗಲೇ ಒಳಗೆ ಸೊನ್ನೆ ಇಟ್ಟುಕೊಂಡ ಸಂಘ.

ದಂಡದ, ಅಂದರೆ ನೆಟ್ಟಗೆ ನಿಂತ ಗೆರೆಯ, ಕಥೆ ಇನ್ನೂ ಹಳೆಯದು. ಶಿಕಾರಿಪುರದ ಕಡೆಯ ತಾಳಗುಂದ, ಬಳ್ಳಿಗಾವಿಗಳಲ್ಲಿ ಕಲ್ಲಿಗೆ ಉಳಿ ಹಿಡಿದವರ ಕಾಲದಲ್ಲಿ ಪದದಿಂದ ಪದಕ್ಕೆ ಜಾಗ ಬಿಡುವ ರೂಢಿಯೇ ಇರಲಿಲ್ಲ. ಪದ್ಯ ಮುಗಿಯಿತು ಅನ್ನಲಿಕ್ಕೆ ಇದ್ದದ್ದು ದಂಡ. ಅಲ್ಪವಿರಾಮ, ಪ್ರಶ್ನಾರ್ಥಕ, ಭಾವಸೂಚಕಗಳು ನಮ್ಮಲ್ಲಿ ನೆಲೆಯಾದದ್ದು 19ನೇ ಶತಮಾನದಲ್ಲಿ, ಅಚ್ಚುಮೊಳೆಗಳ ಬೆನ್ನಿಗೆ. ಹೊಸಬರು ಬಂದಮೇಲೆ ದಂಡ ನಿವೃತ್ತಿ ತಗೊಂಡಿತೇ? ಇಲ್ಲ. ‘ತೀರ್ಥಹಳ್ಳಿ ತಾ||, ಶಿವಮೊಗ್ಗ ಜಿ||’ ಎಂದು ಕಂದಾಯ ಇಲಾಖೆ ಸೇರಿತು; ಲಗ್ನಪತ್ರಿಕೆಯಲ್ಲಿ ‘ಚಿ|| ರಾ||’ ಆಗಿ ವರನ ಪಕ್ಕ ನಿಂತಿತು. ಬೆರಳಚ್ಚು ಮಾಡುವವರಿಗೆ ಅದು ಎಲ್ಲಿದೆಯೆಂದು ಗೊತ್ತಿಲ್ಲದೆ ಇಂಗ್ಲಿಷಿನ ಎರಡು ಎಲ್ ಒತ್ತಿ ಮುಗಿಸುತ್ತಾರೆ, ಅದು ಬೇರೆ ವಿಷಯ.

ಪ್ರಶ್ನಾರ್ಥಕಕ್ಕೆ ಸಿಕ್ಕಿದ್ದು ಕಾನೂನು ವಿಭಾಗ. ಸುದ್ದಿಯ ತಲೆಬರಹ ನೋಡಿ: ‘ಅಡಿಕೆ ಧಾರಣೆ ಮತ್ತೆ ಏರಿಕೆ?’ ಯಾವ ಬಗೆಯ ಅಡಿಕೆ, ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ, ಎಷ್ಟು ಏರಿತು, ಯಾವ ಮಂಡಿಯಲ್ಲಿ, ಒಂದೂ ಇಲ್ಲ. ಏರಿದರೆ ‘ನಾವೇ ಮೊದಲು ಹೇಳಿದ್ದು’. ಇಳಿದರೆ ‘ನಾವು ಬರೀ ಕೇಳಿದ್ದು’. ಮಂಡಿಯಲ್ಲಿ ಹೀಗೆ ಕೊಕ್ಕೆ ಹಾಕಿ ಬಿಲ್ ಬರೆದರೆ ಬೆಳೆಗಾರ ಸುಮ್ಮನೆ ಬಿಡುತ್ತಾನಾ? ಕೇಳಬೇಕಾದ ಕಡೆ ಮಾತ್ರ ಈ ಕೊಕ್ಕೆ ನಾಪತ್ತೆ, ಕೇಳಬಾರದ ಕಡೆ ಹಾಜರ್: ‘ಸಭೆಗೆ ಯಾಕೆ ಬರಲಿಲ್ಲ ಎಂದು ಅಧ್ಯಕ್ಷರು ವಿಚಾರಿಸಿದರು?’ ಅಧ್ಯಕ್ಷರು ವಿಚಾರಿಸಿದ್ದು ಖರೆ, ಅದರಲ್ಲಿ ಅನುಮಾನ ಬೇಡ. ‘ಎಂದು’ ಬಂದಮೇಲೆ ಪ್ರಶ್ನೆ ವರದಿಯ ಹೊಟ್ಟೆ ಸೇರಿತು, ವಾಕ್ಯ ಸಾದಾ ಪೂರ್ಣವಿರಾಮಕ್ಕೆ ಮುಗಿಯಬೇಕು.

ಭಾವಸೂಚಕದ್ದು ಶಿಷ್ಟಾಚಾರ ವಿಭಾಗ. ನಾಯಕರ ಹುಟ್ಟುಹಬ್ಬಕ್ಕೆ ಒಂದು ಹಾಕಿದರೆ ಅವಮಾನ, ಎರಡು ಹಾಕಿದರೆ ಕಾರ್ಯಕರ್ತ, ಐದು ಹಾಕಿದರೆ ಟಿಕೆಟ್ ಆಕಾಂಕ್ಷಿ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಇದೇ ಜನ ಎಷ್ಟು ಲೆಕ್ಕಸ್ಥರು ನೋಡಿ: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಮೈಲುತುತ್ತ ಜಾಸ್ತಿಯಾಗಿ ಸುಣ್ಣ ಕಮ್ಮಿಯಾದರೆ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಸುಡುತ್ತದೆ ಅಂತ ಮನೆಯ ಮಗುವಿಗೂ ಗೊತ್ತು. ಭಾವಸೂಚಕ ಸಿಂಪಡಿಸುವಾಗ ಮಾತ್ರ ದೋಟಿ ತುದಿಯವರೆಗೆ ಡ್ರಮ್ಮೇ ಖಾಲಿ. ಅದರ ಹಿಂದೊಂದು ಸ್ಪೇಸ್ ಬೇರೆ ಬಿಡುತ್ತಾರೆ. ಸ್ಪೇಸ್ ಸಿಕ್ಕಿದಲ್ಲಿ ಸಾಲು ಮುರಿಯುವುದು ಯಂತ್ರದ ಧರ್ಮ. ಹಾಗಾಗಿ ‘ಶುಭಾಶಯಗಳು’ ಮೇಲೆ ಉಳಿದು, ಐದು ಭಾವಸೂಚಕಗಳು ಕೆಳಗಿನ ಸಾಲಿನಲ್ಲಿ ಪಡಿತರಕ್ಕೆ ನಿಂತವರ ಹಾಗೆ ನಿಲ್ಲುತ್ತವೆ.

ಬಿಡಬೇಕಾದ ಕಡೆ ಜಾಗ ಬಿಡುವುದಿಲ್ಲ. ಅಡಿಕೆ ಸಸಿಗೆ ಸಸಿಯಿಂದ 2.7 ಮೀಟರ್, ಅಂದರೆ ಒಂಬತ್ತು ಅಡಿ ಅಂತರ ಕೊಡುವ ಸೀಮೆ ಇದು, ಹಗ್ಗ ಹಿಡಿದು ಗುಂಡಿ ತೋಡುತ್ತಾರೆ. ಅದೇ ಕೈ ‘ಅಡಿಕೆ,ಬಾಳೆ,ಕಾಳುಮೆಣಸು,ಏಲಕ್ಕಿ’ ಎಂದು ಬರೆಯುತ್ತದೆ. ಅಲ್ಪವಿರಾಮದ ಕೊಕ್ಕೆಯ ಹಿಂದೆ ಜಾಗ ಇರಬಾರದು, ಮುಂದೆ ಒಂದು ಸ್ಪೇಸ್ ಬೇಕು. ಆ ಒಂದು ಸಿಗದೆ ನಾಲ್ಕು ಬೆಳೆಯೂ ಯಂತ್ರದ ಲೆಕ್ಕಕ್ಕೆ ಒಂದೇ ಉದ್ದನೆ ಪದ. ಸಾಲಿನಲ್ಲಿ ಹಿಡಿಸದೆ ಇಡೀ ತೋಟ ಕೆಳಗೆ ಜಾರುತ್ತದೆ, ಮೇಲೆ ಅರ್ಧ ಸಾಲು ಬೀಳು. ಇದೇ ಕೊಕ್ಕೆಯನ್ನು ತಗೊಂಡು ಹೋಗಿ ಕರ್ತೃ ಕ್ರಿಯಾಪದಗಳ ನಡುವೆ ನೆಡುತ್ತಾರೆ: ‘ಗ್ರಾಮಸ್ಥರು, ಪ್ರತಿಭಟಿಸಿದರು.’ ಗ್ರಾಮಸ್ಥರಿಗೂ ಪ್ರತಿಭಟನೆಗೂ ನಡುವೆ ಇಷ್ಟು ಬೇಲಿ ಹಾಕಲು ಪೊಲೀಸರಿಗೂ ಆಗಿರಲಿಕ್ಕಿಲ್ಲ.

ಇನ್ನು ಮಗ್ಗುಲಲ್ಲಿ ಜೋಡಿಯಾಗಿ ಕೂರುವ ಎರಡು ಚುಕ್ಕಿ. ವಾಕ್ಯ ಮುಗಿದರೆ ಚುಕ್ಕಿ ಒಂದು, ಮಾತು ಅರ್ಧಕ್ಕೆ ಬಿಟ್ಟರೆ ಮೂರು. ಎರಡು ಎಂಬುದು ಯಾವ ವ್ಯಾಕರಣದಲ್ಲೂ ಇಲ್ಲ. ಆದರೂ ‘ಬನ್ನಿ..’, ‘ನೋಡುವಾ..’, ‘ಆಯ್ತು..’ ಒಂದೇ ಚುಕ್ಕಿ ಇಟ್ಟರೆ ಸಿಟ್ಟು ಬಂದಿದೆ ಅಂತ ನೆಂಟರು ತಿಳಿಯುತ್ತಾರಂತೆ, ಮೂರಿಟ್ಟರೆ ಸಾಲ ಕೇಳುತ್ತಾನೆ ಅಂತ. ಹಾಗಾಗಿ ಮಲೆನಾಡಿನ ದಾಕ್ಷಿಣ್ಯವೆಲ್ಲ ಎರಡಕ್ಕೆ ಇತ್ಯರ್ಥ.

ಇಷ್ಟೆಲ್ಲ ಚಿಹ್ನೆಗಳು ಊರ ತುಂಬ ಓಡಾಡುತ್ತಿರುವಾಗ ಮೂಲ ಹುದ್ದೆಯಲ್ಲಿ ಯಾರಿದ್ದಾರೆ ಅಂತ ತಿಳಿಯಲು ಆಷಾಢದ ಒಂದು ರಾತ್ರಿ ಸಾಕು. ಹೊಸನಗರದ ಕಡೆ ಜಡಿಮಳೆ, ಕರೆಂಟಿಲ್ಲ, ಮೊಬೈಲಿನಲ್ಲಿ ಒಂದೇ ಕಡ್ಡಿ ನೆಟ್‌ವರ್ಕ್. ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ತಾಯಿ ಕೇಳುತ್ತಾರೆ: ‘ನಾಳೆ ಶಾಲೆ ಇದೆಯಾ ಸರ್’. ಮೇಷ್ಟ್ರ ಉತ್ತರ ಎರಡೇ ಪದ: ‘ಇಲ್ಲ ರಜೆ’. ನಡುವೆ ಒಂದು ಅಲ್ಪವಿರಾಮ ಬಿದ್ದರೆ ಮಗು ಕಂಬಳಿಯೊಳಗೆ. ಬೀಳದಿದ್ದರೆ ಏಳು ಗಂಟೆಗೆ ರೇನ್‌ಕೋಟ್ ಹಾಕಿಕೊಂಡು, ಕಾಲಿಗೆ ಕಚ್ಚಿದ ಉಂಬಳ ಕೀಳುತ್ತಾ ಬಸ್ ಸ್ಟಾಪಿನಲ್ಲಿ. ಅರ್ಧ ಗುಂಪು ಹಾಗೆ ಓದಿತು, ಇನ್ನರ್ಧ ಹೀಗೆ. ಹತ್ತು ನಿಮಿಷ ಬಿಟ್ಟು ಮತ್ತೊಬ್ಬರು: ‘ಸರ್ ದಯವಿಟ್ಟು ಸರಿಯಾಗಿ ಹೇಳಿ ರಜೆ ಇಲ್ವಾ’.

ಮೇಷ್ಟ್ರು ಈ ಸಲ ಯಾರಿಗೂ ಗೊಂದಲ ಆಗದ ಹಾಗೆ, ಚಿಹ್ನೆಗಳನ್ನೆಲ್ಲ ಹಾಕಿಯೇ ಬರೆದರು: ‘ಹೌದು ಇಲ್ಲ ರಜೆ..!!’